ಬೀಗ ಮಾಡುವವನ ಮಗ ಜಾರ್ಜ್ ಓಮ್



ಭಾನುವಾರದ ಪೂಜೆಗೆ ಹೊರಡುವ ಮುನ್ನ ಬಟ್ಟೆಗೆ ಇಸ್ತ್ರಿ ಮಾಡಲು ಹೋದಾಗ ಪೆಟ್ಟಿಗೆ ಕಾಯದಿದ್ದರೆ ನೀವು ಏನೆನ್ನುತ್ತೀರಿ? ವೋಲ್ಟೇಜ್ ಇಲ್ಲ ಎನ್ನುತ್ತೀರಿ. ಪ್ಲಗ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಲೋಡ್ ಜಾಸ್ತಿಯಾಯಿತು ಎನ್ನುತ್ತೀರಿ. ಈ ಎರಡು ಮಾತುಗಳ ಹಿಂದೆ ಒಂದು ಸರಳ ಲೆಕ್ಕವಿದೆ. ಬಾಗಲಕೋಟೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ನಿಮ್ಮ ಮಗಳನ್ನು ಕೇಳಿ, ಓಮನ ನಿಯಮ ಎಂದು ಥಟ್ಟನೆ ಹೇಳುತ್ತಾಳೆ. ಆದರೆ ಆ ಓಮ್ ಯಾರು, ಆ ಲೆಕ್ಕಕ್ಕಾಗಿ ಎಷ್ಟು ಕಷ್ಟಪಟ್ಟರು ಎಂಬುದು ಬಹಳ ಜನರಿಗೆ ತಿಳಿದಿಲ್ಲ.

ಜಾರ್ಜ್ ಸೈಮನ್ ಓಮ್ 1789ರ ಮಾರ್ಚ್ 16ರಂದು ಜರ್ಮನಿಯ ಎರ್ಲಾಂಗೆನ್ ಪಟ್ಟಣದಲ್ಲಿ ಒಂದು ಪ್ರಾಟೆಸ್ಟೆಂಟ್ ಕುಟುಂಬದಲ್ಲಿ ಹುಟ್ಟಿದರು. ತಂದೆ ಬೀಗ ಮಾಡುವ ಕಸುಬಿನವರು. ಏಳು ಮಕ್ಕಳಲ್ಲಿ ಉಳಿದವರು ಮೂವರು. ಜಾರ್ಜ್‌ಗೆ ಹತ್ತು ವರ್ಷವಾದಾಗ ತಾಯಿಯೂ ತೀರಿಕೊಂಡರು. ಇಳಕಲ್ಲಿನ ನೇಕಾರರ ಮನೆಗಳಲ್ಲಿ ಮಕ್ಕಳು ತಂದೆಯ ಮಗ್ಗದ ಪಕ್ಕದಲ್ಲೇ ಕಲಿತು ಬೆಳೆಯುವುದನ್ನು ನೀವು ಕಂಡಿರಬಹುದು. ಆ ಮನೆಯಲ್ಲೂ ಹಾಗೆಯೇ. ತಂದೆ ತಾವೇ ಓದಿ ಗಣಿತ, ವಿಜ್ಞಾನ ಕಲಿತವರು. ಮಕ್ಕಳಿಗೂ ತಾವೇ ಹೇಳಿಕೊಟ್ಟರು. ತಮ್ಮ ಮಾರ್ಟಿನ್ ಮುಂದೆ ದೊಡ್ಡ ಗಣಿತಜ್ಞನಾದ.

1805ರಲ್ಲಿ ಜಾರ್ಜ್ ವಿಶ್ವವಿದ್ಯಾಲಯಕ್ಕೆ ಸೇರಿದ. ಅಲ್ಲಿ ಓದಿಗಿಂತ ಕುಣಿತ, ಬಿಲಿಯರ್ಡ್ಸ್ ಆಟವೇ ಹೆಚ್ಚಾಯಿತು. ತಂದೆಗೆ ಸಿಟ್ಟು ಬಂತು, ಓದು ನಿಂತಿತು. ಮಗ ಸ್ವಿಟ್ಜರ್ಲೆಂಡಿನಲ್ಲಿ ಶಾಲಾ ಶಿಕ್ಷಕನಾಗಿ ದುಡಿಯಬೇಕಾಯಿತು. ಅಲ್ಲಿ ಬುದ್ಧಿ ಬಲಿತು, ತಾನಾಗಿಯೇ ಓದಿ, 1811ರಲ್ಲಿ ಊರಿಗೆ ಮರಳಿ ಡಾಕ್ಟರೇಟ್ ಪಡೆದರು.

1817ರಲ್ಲಿ ಕೊಲೋನ್ ನಗರದ ಪ್ರೌಢಶಾಲೆಯಲ್ಲಿ ಅವರಿಗೆ ಕೆಲಸ ಸಿಕ್ಕಿತು. ಹಿಂದೆ ಯೇಸುಸಭೆಯ ಗುರುಗಳು ನಡೆಸಿದ ಶಾಲೆ ಅದು. ಅಲ್ಲಿ ಒಳ್ಳೆಯ ಪ್ರಯೋಗಾಲಯವಿತ್ತು. ಪಾಠ ಮುಗಿದ ಮೇಲೆ ಓಮ್ ಅಲ್ಲೇ ಕುಳಿತು ತಂತಿಗಳಲ್ಲಿ ವಿದ್ಯುತ್ ಹರಿಸಿ ಅಳೆಯುತ್ತಿದ್ದರು. ಬೇಕಾದ ಉಪಕರಣಗಳನ್ನು ತಾವೇ ಮಾಡಿಕೊಂಡರು. ತಂದೆ ಕಲಿಸಿದ ಲೋಹದ ಕೆಲಸ ಈಗ ನೆರವಿಗೆ ಬಂತು. ಆಗಿನ ಬ್ಯಾಟರಿಗಳ ಬಲ ಏರುಪೇರಾಗುತ್ತಿತ್ತು. ಆದ್ದರಿಂದ 1826ರಲ್ಲಿ ಎರಡು ಲೋಹಗಳನ್ನು ಜೋಡಿಸಿ, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟು, ಒಂದೇ ಸಮನಾದ ವಿದ್ಯುತ್ ಪಡೆದರು. ಒಂದೇ ದಪ್ಪದ, ಬೇರೆ ಬೇರೆ ಉದ್ದದ ತಂತಿಗಳನ್ನು ಒಂದೊಂದಾಗಿ ಸೇರಿಸಿ ನೋಡಿದರು. ತಂತಿ ಉದ್ದವಾದಷ್ಟೂ ಕರೆಂಟ್ ಕಡಿಮೆ. ಬಾದಾಮಿಯ ತೋಟದಲ್ಲಿ ದೂರದ ಬೋರ್‌ವೆಲ್‌ಗೆ ವೈರ್ ಎಳೆಯುವಾಗ ದಪ್ಪ ವೈರ್ ಹಾಕಿ ಎಂದು ಮೆಕ್ಯಾನಿಕ್ ಹೇಳುವುದೂ ಇದೇ ಕಾರಣಕ್ಕೆ: ಉದ್ದ ಹೆಚ್ಚಿದರೆ ತಂತಿಯ ತಡೆ ಹೆಚ್ಚುತ್ತದೆ, ದಪ್ಪ ಹೆಚ್ಚಿದರೆ ಕಡಿಮೆಯಾಗುತ್ತದೆ.

ಈ ತಡೆಗೆ ರೋಧ ಎಂದು ಹೆಸರು. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ ಸಿಗುತ್ತದೆ. ಅವೆರಡನ್ನು ಗುಣಿಸಿದರೆ ಎಷ್ಟು ವ್ಯಾಟ್ ಎಂಬುದು ಸಿಗುತ್ತದೆ. ನಿಮ್ಮ ಇಸ್ತ್ರಿ ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ. 230 ವೋಲ್ಟಿನಲ್ಲಿ 1000 ವ್ಯಾಟ್ ಎಂದರೆ ಕರೆಂಟ್ ಸುಮಾರು 4.35 ಆಂಪಿಯರ್. 230ನ್ನು 4.35ರಿಂದ ಭಾಗಿಸಿ, ರೋಧ ಸುಮಾರು 53 ಓಮ್. ಇನ್ನು ವೋಲ್ಟೇಜ್ 180ಕ್ಕೆ ಇಳಿಯಿತು ಎನ್ನಿ. ರೋಧ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ, ಕರೆಂಟ್ 3.4 ಆಂಪಿಯರಿಗೆ ಇಳಿಯುತ್ತದೆ. ಗುಣಿಸಿದರೆ ಸುಮಾರು 612 ವ್ಯಾಟ್ ಮಾತ್ರ! ವೋಲ್ಟೇಜ್ ಐದರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಇಳಿದರೆ, ಕಾವು ಐದರಲ್ಲಿ ಸುಮಾರು ಎರಡು ಪಾಲು ಹೋಯಿತು.

ಇಷ್ಟೆಲ್ಲ ಕಂಡುಕೊಂಡು ಓಮ್ 1827ರಲ್ಲಿ ಬರ್ಲಿನ್‌ನಲ್ಲಿ ಪುಸ್ತಕ ಪ್ರಕಟಿಸಿದರು. ವಿಶ್ವವಿದ್ಯಾಲಯದಲ್ಲಿ ಸ್ಥಾನ ಸಿಕ್ಕೀತೆಂಬ ಆಸೆ ಅವರದು. ಸಿಕ್ಕಿದ್ದು ತಾತ್ಸಾರ. ನೊಂದು 1828ರಲ್ಲಿ ಕೊಲೋನ್ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಐದು ವರ್ಷ ಪಾಠ ಹೇಳಿಕೊಂಡು ಹೇಗೋ ಬದುಕು ಸಾಗಿಸಿ, 1833ರಲ್ಲಿ ನ್ಯೂರೆಂಬರ್ಗಿನ ತಾಂತ್ರಿಕ ಶಾಲೆಗೆ ಸೇರಿದರು. ಮದುವೆಯಾಗಲಿಲ್ಲ. 1841ರಲ್ಲಿ ಇಂಗ್ಲೆಂಡಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟು ಗೌರವಿಸಿತು. ಅದೇ ವರ್ಷ ಇಂಗ್ಲೆಂಡಿನ ಜೇಮ್ಸ್ ಜೂಲ್, ಕರೆಂಟ್ ಎರಡರಷ್ಟಾದರೆ ತಂತಿಯ ಕಾವು ನಾಲ್ಕರಷ್ಟಾಗುತ್ತದೆ ಎಂದು ತೋರಿಸಿದರು. 1852ರಲ್ಲಿ, ಆಸೆಪಟ್ಟ ಕಾಲು ಶತಮಾನದ ಮೇಲೆ, ಓಮ್ ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾದರು. ಎರಡೇ ವರ್ಷ. 1854ರ ಜುಲೈ 6ರಂದು ತೀರಿಕೊಂಡರು.

1881ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ವಿದ್ಯುತ್ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನ ವೋಲ್ಟ್, ಆಂಪಿಯರ್, ಓಮ್ ಎಂಬ ಅಳತೆಗಳನ್ನು ಒಪ್ಪಿಕೊಂಡಿತು. ವೋಲ್ಟಾ, ಆಂಪಿಯರ್ ಇಬ್ಬರೂ ಭಕ್ತ ಕಥೋಲಿಕರು. ಅವರ ಜೊತೆಗೆ ಬೀಗ ಮಾಡುವವನ ಮಗನ ಹೆಸರೂ ನಿಂತಿತು.

ಕೊನೆಗೆ ನಿಮ್ಮ ಮನೆಗೇ ಒಂದು ಲೆಕ್ಕ. 2000 ವ್ಯಾಟಿನ ಗೀಸರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅದರ ಪ್ಲಗ್ ಸಡಿಲವಾಗಿ ಅಲ್ಲಿ ಅರ್ಧ ಓಮ್ ರೋಧ ಹುಟ್ಟಿದರೂ ಸುಮಾರು 38 ವ್ಯಾಟ್ ಕಾವು ಆ ಚಿಕ್ಕ ಜಾಗದಲ್ಲೇ ಸೇರುತ್ತದೆ. ರೇಡಿಯೊ ರಿಪೇರಿಯವರು ಸೀಸ ಕರಗಿಸುವ ಬೆಸುಗೆ ಕಡ್ಡಿಗೆ 25 ವ್ಯಾಟ್ ಸಾಕು! ಆದ್ದರಿಂದ ಪ್ಲಗ್ ಬಿಸಿಯಾಗುತ್ತಿದ್ದರೆ, ಕಪ್ಪಾಗಿದ್ದರೆ, ಸ್ವಿಚ್ ಆರಿಸಿ ಇಂದೇ ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ. ನಾಳೆ ನೋಡೋಣ ಎನ್ನಬೇಡಿ, ಮನೆಯಲ್ಲಿ ಮಕ್ಕಳಿದ್ದಾರೆ.