ಆತ್ಮಕಥೆಗೆ ಬೇಕಾದ ಭಯ: ಬೀಚಿಯವರ ಬಾಳಿನಿಂದೊಂದು ಪಾಠ

ಸ್ವಂತ ಬಾಳನ್ನು ನಾಲ್ಕು ಜನರ ಮುಂದೆ ಬರೆದಿಡುವವನಿಗೆ ಎರಡು ಅಪಾಯಗಳುಂಟು. ತಪ್ಪನ್ನು ಮುಚ್ಚಿಟ್ಟರೆ ಬರಹ ಸುಳ್ಳಾಗುತ್ತದೆ. ಒಪ್ಪಿಕೊಂಡೆನೆಂದು ಬೀಗಿದರೆ ಪ್ರಾಮಾಣಿಕತೆಯೇ ಒಣಜಂಭವಾಗುತ್ತದೆ. ಈ ಇಕ್ಕಟ್ಟನ್ನು ನಗುತ್ತಲೇ ಎದುರಿಸಿದವರು ನಮ್ಮ ಬಳ್ಳಾರಿ ಸೀಮೆಯ ಬೀಚಿಯವರು.

ರಾಯಸಂ ಭೀಮಸೇನರಾವ್ ಎಂಬುದು ಅವರ ನಿಜನಾಮ. ಅಂದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿಯಲ್ಲಿ 1913ರಲ್ಲಿ ಜನಿಸಿದರು. ಜೀವನೋಪಾಯಕ್ಕೆ ಪೊಲೀಸ್ ಇಲಾಖೆಯ ನೌಕರಿ ಹಿಡಿದರು. ಆಂಗ್ಲ ಸಾಹಿತ್ಯದ ಮೋಹದಲ್ಲಿ ಕನ್ನಡ ಪುಸ್ತಕಗಳನ್ನು ಕಡೆಗಣಿಸಿದ್ದ ಅವರ ಮನಸ್ಸು ಅ.ನ. ಕೃಷ್ಣರಾಯರ ‘ಸಂಧ್ಯಾರಾಗ’ವನ್ನು ಓದಿ ತಾಯ್ನುಡಿಯತ್ತ ತಿರುಗಿತು. ಮುಂದೆ ಅವರೇ ಕಾದಂಬರಿ, ನಾಟಕ, ಹರಟೆಗಳನ್ನು ರಚಿಸಿದರು. ಅವರ ‘ತಿಮ್ಮ’ ಮನೆಮಾತಾದನು. ಅರ್ಧ ಕನ್ನಡ, ಅರ್ಧ ಆಂಗ್ಲ ಅಕ್ಷರಗಳಲ್ಲಿ ಬರೆಯುತ್ತಿದ್ದ ಅವರ ಕಾವ್ಯನಾಮ ಆ ಹಳೆಯ ಮೋಹದ ಗುರುತಿನಂತೆಯೂ ತೋರುತ್ತದೆ.

ಕೀರ್ತಿವಂತರಾದ ಮೇಲೆ ಹಿಂದಿನ ಉಪೇಕ್ಷೆಯನ್ನು ಮರೆಮಾಚುವುದು ಸುಲಭವಿತ್ತು. ಬೀಚಿಯವರು ಹಾಗೆ ಮಾಡಲಿಲ್ಲ. ಅವರ ಆತ್ಮಕಥೆಯ ಹೆಸರು ‘ನನ್ನ ಭಯಾಗ್ರಫಿ’. ಜೀವನಚರಿತ್ರೆ ಎಂಬರ್ಥದ ಆಂಗ್ಲ ಪದದೊಳಗೆ ಭಯವನ್ನು ಕೂರಿಸಿದ ಹೆಸರಿದು. ತನ್ನನ್ನು ತಾನೇ ಬಣ್ಣಿಸಲು ಹೊರಟವನು ಮೊದಲು ಅಂಜಬೇಕಾದುದು ತನಗೇ ಎಂಬ ಎಚ್ಚರ ಈ ತಮಾಷೆಯಲ್ಲಡಗಿದೆ.

ಸಂತ ಅಗಸ್ಟೀನರನ್ನು ಬಲ್ಲ ನಮಗೆ ಈ ದಾರಿ ಹೊಸದಲ್ಲ. ಕ್ರಿ.ಶ. 354ರಲ್ಲಿ ಆಫ್ರಿಕದ ತಗಾಸ್ತೆಯಲ್ಲಿ ಜನಿಸಿದ ಆ ವಾಕ್‌ಪಂಡಿತರು ಯೌವನದಲ್ಲಿ ಪವಿತ್ರ ಗ್ರಂಥದ ಸರಳ ಶೈಲಿಯನ್ನು ಕೀಳೆಂದು ಕಂಡವರು. ಸಂತ ಪೌಲರ ಪತ್ರವನ್ನು ಓದಿಯೇ ಅವರ ಮನಸ್ಸು ಪರಿವರ್ತನೆಗೊಂಡಿತು. 387ರಲ್ಲಿ ಸ್ನಾನದೀಕ್ಷೆ ಪಡೆದರು. ಸುಮಾರು ಹತ್ತು ವರ್ಷಗಳ ಬಳಿಕ, ಹಿಪ್ಪೋದ ಧರ್ಮಾಧ್ಯಕ್ಷರಾಗಿದ್ದಾಗ ಬರೆಯತೊಡಗಿದ ಆತ್ಮನಿವೇದನೆಯಲ್ಲಿ, ಹದಿಹರೆಯದಲ್ಲಿ ಕದ್ದ ಹಣ್ಣನ್ನೂ ಮುಚ್ಚಿಡಲಿಲ್ಲ. ಅಷ್ಟಕ್ಕೇ ನಿಲ್ಲದೆ, ಹೊಗಳಿಕೆಯ ಆಸೆ ತಮ್ಮನ್ನು ಇನ್ನೂ ಬಿಟ್ಟಿಲ್ಲವೆಂದೂ, ಹೊಗಳಿಕೆ ಬೇಡವೆನ್ನುವುದರಲ್ಲೇ ಹೆಮ್ಮೆ ನುಸುಳಬಲ್ಲದೆಂದೂ ಅರಿಕೆಮಾಡಿಕೊಂಡರು. ಸಂತರದು ದೇವರ ಮುಂದಿನ ಕಣ್ಣೀರು, ಬೀಚಿಯವರದು ಜನರ ಮುಂದಿನ ನಗೆ. ದಾರಿ ಬೇರೆಯಾದರೂ ಇಬ್ಬರೂ ತಮ್ಮನ್ನು ದೊಡ್ಡವರನ್ನಾಗಿ ಕಡೆದು ನಿಲ್ಲಿಸಲಿಲ್ಲ.

ಬೀಚಿಯವರು 1980ರಲ್ಲಿ ಕಾಲವಾದರು. ಬಳ್ಳಾರಿಯಲ್ಲಾಗಲಿ, ಸಿರುಗುಪ್ಪ, ಕುರುಗೋಡುಗಳಲ್ಲಾಗಲಿ ಮಕ್ಕಳಿಗಾಗಿ ತಮ್ಮ ಬಾಳಿನ ನೆನಪುಗಳನ್ನು ಬರೆದಿಡಬಯಸುವ ಹಿರಿಯರು ಇಂದಿಗೂ ಇದ್ದಾರೆ. ನಾವೂ ನಮ್ಮ ಕಥೆಯನ್ನು ಹೇಳಿಕೊಳ್ಳುತ್ತಿದ್ದೇವೆ. ಕಟ್ಟಿದ್ದನ್ನು ಮಾತ್ರವಲ್ಲ, ಕಡೆಗಣಿಸಿದ್ದನ್ನೂ ಬರೆಯೋಣ, ಬರೆದೆವೆಂದು ಬೀಗದಿರೋಣ. ಆಗ ಓದುವ ಮಕ್ಕಳು ನಮ್ಮನ್ನು ನಂಬುವರು.