ಗಂಗಾಮೂಲದಿಂದ ಕೃಪಾ ಸದನಕ್ಕೆ

ಪುಣೆಯಿಂದ ಕಲಬುರಗಿ ಕಡೆ ರೈಲು ಹತ್ತುವ ನಮ್ಮವರಿಗೆಲ್ಲ ದೌಂಡ್ ಜಂಕ್ಷನ್ ಗೊತ್ತು. ಅದಕ್ಕೂ ಸ್ವಲ್ಪ ಮೊದಲು ಬರುವ ಕೇಡಗಾಂವ್ ನಿಲ್ದಾಣವನ್ನು ಗಮನಿಸಿದವರು ಕಡಿಮೆ. ಪಂಡಿತಾ ರಮಾಬಾಯಿ ಕಟ್ಟಿದ ಮುಕ್ತಿ ಸಂಸ್ಥೆ ಇರುವುದು ಅಲ್ಲೇ. ಪುಣೆಯಲ್ಲಿ ಅವರನ್ನು ಮರಾಠಿಯವರೆಂದೇ ಹೇಳುತ್ತಾರೆ, ಮನೆಮಾತೂ ಮರಾಠಿಯೇ. ಆದರೆ ಅವರು ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ, 1858ರ ಏಪ್ರಿಲ್ 23ರಂದು. ಇದು ಗೊತ್ತಾದ ಮೇಲೆ ನಾನು ಅವರ ಬಗ್ಗೆ ಸಿಕ್ಕಿದ್ದೆಲ್ಲ ಓದತೊಡಗಿದೆ.

ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಕಡೆಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರವರ ವಿರೋಧ ಕಟ್ಟಿಕೊಂಡು ಕಾಡು ಸೇರಿದವರು. ಮಗು ರಮಾಗೆ ಆರು ತಿಂಗಳಾಗುವಷ್ಟರಲ್ಲಿ ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಹೋದಲ್ಲೆಲ್ಲ ಪುರಾಣ ಪಠನ, ದಾನ, ವ್ರತ. ಪುಣ್ಯ ಸಂಪಾದಿಸಲು ಇದ್ದಬದ್ದ ಹಣವೆಲ್ಲ ಕರಗಿತು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಕೆಲವೇ ತಿಂಗಳಲ್ಲಿ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣ ಶ್ರೀನಿವಾಸನ ಜೊತೆ ಆಕೆ ದೇಶವಿಡೀ ನಡೆದರು. ಪಂಜಾಬಿನ ಚಳಿಯಲ್ಲಿ ಹೊದೆಯಲು ಬಟ್ಟೆಯಿಲ್ಲದೆ, ಝೇಲಂ ನದಿಯ ದಂಡೆಯಲ್ಲಿ ಗುಂಡಿ ತೋಡಿ, ಮೈಮೇಲೆ ಒಣಮರಳು ಎಳೆದುಕೊಂಡು ಮಲಗಿದ್ದರಂತೆ.

1878ರಲ್ಲಿ ಕಲ್ಕತ್ತೆಯ ಪಂಡಿತರು ಆಕೆಯನ್ನು ಪರೀಕ್ಷಿಸಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು. ಆದರೆ ಹೆಂಗಸರಿಗೆ ಧರ್ಮ ಬೋಧಿಸಲೆಂದು ಶಾಸ್ತ್ರಗಳನ್ನು ಓದುತ್ತಾ ಹೋದಂತೆ, ಬೇರೆ ಎಲ್ಲದರಲ್ಲೂ ಭಿನ್ನಮತವಿರುವ ಈ ಗ್ರಂಥಗಳು ಹೆಣ್ಣಿಗೂ ಶೂದ್ರರಿಗೂ ಮೋಕ್ಷದ ನೇರ ದಾರಿಯಿಲ್ಲ ಎಂಬುದರಲ್ಲಿ ಮಾತ್ರ ಒಂದಾಗಿವೆ ಎಂದು ಆಕೆಗೆ ಕಂಡಿತು. ಬಿರುದು ಸಿಕ್ಕಿತು, ಬಾಗಿಲು ತೆರೆಯಲಿಲ್ಲ. ಅಣ್ಣ ತೀರಿಕೊಂಡ. ಜಾತಿ ಮೀರಿ ಮದುವೆಯಾದ ಬಂಗಾಳಿ ವಕೀಲ ಬಿಪಿನ್ ಬಿಹಾರಿ ದಾಸ್ ಎರಡು ವರ್ಷ ತುಂಬುವ ಮೊದಲೇ ಕಾಲರಾಕ್ಕೆ ಬಲಿಯಾದ. ಉಳಿದದ್ದು ಕೈಗೂಸು ಮನೋರಮಾ.

1883ರಲ್ಲಿ ವೈದ್ಯಕೀಯ ಓದುವ ಆಸೆಯಿಂದ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದರಿಂದ ಅದು ಆಗಲಿಲ್ಲ. ವಾಂಟೇಜ್‌ನ ಕ್ರೈಸ್ತ ಸನ್ಯಾಸಿನಿಯರು ಒಮ್ಮೆ ಅವರನ್ನು ಲಂಡನ್ನಿನ ಫುಲ್ಹಮ್‌ನಲ್ಲಿದ್ದ ತಮ್ಮ ಆಶ್ರಯಧಾಮಕ್ಕೆ ಕಳಿಸಿಕೊಟ್ಟರು. ಸಮಾಜ ದಾರಿ ತಪ್ಪಿದವರೆಂದು ಹೊರಹಾಕಿದ ಹೆಂಗಸರು ಅಲ್ಲಿ ಬದುಕು ಕಟ್ಟಿಕೊಂಡು, ತಮ್ಮಂಥ ಇತರರ ಆರೈಕೆ ಮಾಡುತ್ತಿದ್ದರು. ಇಂಥವರನ್ನು ಯಾಕೆ ಸೇರಿಸಿಕೊಳ್ಳುತ್ತೀರಿ ಎಂದು ಕೇಳಿದ್ದಕ್ಕೆ, ಬಾವಿ ಕಟ್ಟೆಯಲ್ಲಿ ಯೇಸು ಸಮಾರ್ಯದ ಹೆಂಗಸಿನ ಬಳಿ ನೀರು ಕೇಳಿದ ಕಥೆ ಹೇಳಿದರು. ಯೆಹೂದಿಗಳು ದೂರವಿಟ್ಟಿದ್ದ ಕುಲದವಳು, ಐದು ಗಂಡಂದಿರನ್ನು ಕಂಡವಳು. ಅವಳನ್ನು ಅವನು ದೂರವಿಡಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 29ರಂದು ರಮಾಬಾಯಿ ದೀಕ್ಷಾಸ್ನಾನ ಪಡೆದರು.

ಆಸರೆ ಕೊಟ್ಟವರ ಧರ್ಮ ಹಿಡಿದಳು ಎಂದು ಆಗಲೂ ಅಂದರು, ಈಗಲೂ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅನ್ನದ ಋಣಕ್ಕೆ ಬಾಗುವ ಜೀವವಾಗಿದ್ದರೆ ಆ ಸನ್ಯಾಸಿನಿಯರ ಜೊತೆ ಸಿದ್ಧಾಂತದ ವಿಷಯಕ್ಕೆ ಅಷ್ಟು ಜಗಳ ಆಡುತ್ತಿರಲಿಲ್ಲ. ಚರ್ಚಿನ ಅಧಿಕಾರ ಹೇಳಿತೆಂದು ಏನನ್ನೂ ಒಪ್ಪಲಿಲ್ಲ. ಸಸ್ಯಾಹಾರವನ್ನೂ ಬಿಡಲಿಲ್ಲ!

ಅದಕ್ಕಿಂತ ಮುಖ್ಯವಾದದ್ದು ಎಂಟು ವರ್ಷಗಳ ನಂತರದ ಮಾತು. ತನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತನಲ್ಲ ಎಂದು ಆಕೆಗೆ ಅನ್ನಿಸತೊಡಗಿತ್ತು. 1891ರ ಸುಮಾರಿಗೆ ಅದು ಬದಲಾಯಿತು. ಬಿಡುಗಡೆಗೆ ಮುಂದಿನ ಜನ್ಮ ಕಾಯಬೇಕಿಲ್ಲ, ಅರ್ಹತೆ ತೋರಿಸಬೇಕಿಲ್ಲ, ಅದು ಈಗಲೇ ಪುಕ್ಕಟೆಯಾಗಿ ಸಿಗುವ ಕೃಪೆ ಎಂಬುದು ಮನಸ್ಸಿಗೆ ಇಳಿಯಿತು. ಪುಣ್ಯ ಗಳಿಸುತ್ತಾ ಗಳಿಸುತ್ತಾ ಹಸಿವಿನಿಂದ ಸತ್ತ ತಂದೆತಾಯಿಯ ಮಗಳಿಗೆ 'ಪುಕ್ಕಟೆ' ಎಂಬ ಮಾತು ಎಷ್ಟು ದೊಡ್ಡದಾಗಿ ಕೇಳಿಸಿರಬೇಕು! ತನ್ನ ಸಾಕ್ಷ್ಯವನ್ನು 1907ರಲ್ಲಿ ಬರೆದಾಗ ಅದಕ್ಕೆ ಬರಿದಾಗದ ನಿಧಿ ಎಂಬ ಅರ್ಥದ ಹೆಸರಿಟ್ಟರು.

ಅಷ್ಟರಲ್ಲಿ ಅವರು 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದು, ಮರುವರ್ಷ ಪುಣೆಗೆ ತಂದಿದ್ದರು. ಹುಡುಗಿಯರು ಅವರ ಪ್ರಾರ್ಥನೆಗೆ ಬಂದು ಕೂರುತ್ತಾರೆಂದು ಗಲಾಟೆಯಾಯಿತು. 1893ರಲ್ಲಿ ರಾನಡೆ, ಭಂಡಾರ್ಕರ್‌ರಂಥ ಸಲಹೆಗಾರರೂ ದೂರ ಸರಿದರು. ಧರ್ಮದ ಒತ್ತಾಯವಿಲ್ಲ ಎಂದು ನಂಬಿ ಮಕ್ಕಳನ್ನು ಕಳಿಸಿದವರ ಆತಂಕವನ್ನೂ ತಳ್ಳಿಹಾಕಲಾಗದು. ಪ್ರಾರ್ಥನೆಯ ಕೋಣೆಯ ಬಾಗಿಲನ್ನು ಮಾತ್ರ ರಮಾಬಾಯಿ ಮುಚ್ಚಲಿಲ್ಲ.

1896-97ರ ಬರದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ ಅನಾಥ ಹುಡುಗಿಯರನ್ನು ಕರೆತಂದರು. ಹಸಿವು ಏನೆಂದು ಯಾರೂ ಅವರಿಗೆ ವಿವರಿಸಬೇಕಿರಲಿಲ್ಲ. ಪುಣೆಯಲ್ಲಿ ಜಾಗ ಸಾಲದೆ ಕೇಡಗಾಂವ್‌ನ ಜಮೀನಿನಲ್ಲಿ ಮುಕ್ತಿ ಬೆಳೆಯಿತು. 1900ರ ಹೊತ್ತಿಗೆ ಅಲ್ಲಿ ಸುಮಾರು 1500 ಜನ. ಫುಲ್ಹಮ್‌ನಲ್ಲಿ ಕಂಡಂಥ ಹೆಂಗಸರಿಗೆಂದೇ ಪ್ರತ್ಯೇಕ ಮನೆ ಕಟ್ಟಿ ಕೃಪಾ ಸದನ ಎಂದು ಕರೆದರು. 1912ರಲ್ಲಿ ಕಲಬುರಗಿಯಲ್ಲೂ ಒಂದು ಶಾಲೆ ಶುರುವಾಯಿತು. ಅದನ್ನು ನೋಡಿಕೊಂಡವರು ಮನೋರಮಾ.

ಕೊನೆಯ ವರ್ಷಗಳು ಹೋದದ್ದು ಬೈಬಲ್ ಅನುವಾದಕ್ಕೆ. ಹೀಬ್ರೂ, ಗ್ರೀಕ್ ಕಲಿತು, ಹಳ್ಳಿ ಹೆಂಗಸಿಗೂ ತಿಳಿಯುವ ಮರಾಠಿಗೆ ತಂದರು. 1921ರಲ್ಲಿ ಮಗಳು ಹೋದಳು. 1922ರ ಏಪ್ರಿಲ್ 5ರಂದು ರಮಾಬಾಯಿಯೂ ತೀರಿಕೊಂಡರು. ಅನುವಾದದ ಕೆಲಸ ಅಷ್ಟರಲ್ಲಿ ಮುಗಿದಿತ್ತು. ಪುಸ್ತಕ 1924ರಲ್ಲಿ ಹೊರಬಂತು. ಮುಕ್ತಿಯ ಛಾಪಖಾನೆಯಲ್ಲಿ ಅದಕ್ಕೆ ಮೊಳೆ ಜೋಡಿಸಿದವರು ಅಲ್ಲಿನ ಹೆಂಗಸರೇ.