ಗಿರಣಿ ಕಾರ್ಮಿಕನ ಮಗ ಅರ್ನ್ಸ್ಟ್ ಆಬೆ

ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಪೊರೆಯ ಜೀವಕೋಶಗಳನ್ನು ಮೊದಲ ಸಲ ಕಂಡಾಗ ಬೆರಗಾಗದ ವಿದ್ಯಾರ್ಥಿ ಅಪರೂಪ. ದವಾಖಾನೆಯಲ್ಲಿ ರಕ್ತ ಪರೀಕ್ಷಿಸಿ ಮಲೇರಿಯಾ, ಕಫ ಪರೀಕ್ಷಿಸಿ ಕ್ಷಯ ಗುರುತಿಸಲು ನೆರವಾಗುವುದೂ ಇದೇ ಉಪಕರಣ. ಅಂದಾಜಿನ ಮೇಲೆ ನಡೆಯುತ್ತಿದ್ದ ಇದರ ತಯಾರಿಕೆಯನ್ನು ಗಣಿತದ ತಳಹದಿಯ ಮೇಲೆ ನಿಲ್ಲಿಸಿದ ಮಹನೀಯರೇ ಅರ್ನ್ಸ್ಟ್ ಆಬೆ.

ಆಬೆಯವರು 1840ರ ಜನವರಿ 23ರಂದು ಜರ್ಮನಿಯ ಐಸೆನಾಖ್ ಊರಿನಲ್ಲಿ ಜನಿಸಿದರು. ತಂದೆ ನೂಲಿನ ಗಿರಣಿಯಲ್ಲಿ ದಿನಕ್ಕೆ 14ರಿಂದ 16 ತಾಸು ದುಡಿಯುತ್ತಿದ್ದರು. ಬಾಲಕ ಆಬೆ ಬುತ್ತಿ ಒಯ್ದಾಗ, ಯಂತ್ರದ ಪಕ್ಕದಲ್ಲಿ ನಿಂತೇ ಅವಸರದಿಂದ ಉಣ್ಣುತ್ತಿದ್ದರು. ನಡುವಯಸ್ಸಿಗೇ ಅವರ ಮೈ ಮುಪ್ಪಾಯಿತು. ಸೊಲ್ಲಾಪುರದಲ್ಲಿ 1877ರಲ್ಲಿ ಮೊದಲ ಬಟ್ಟೆ ಗಿರಣಿ ಆರಂಭವಾದ ಮೇಲೆ, ಭೋಂಗಾ ಕೂಗಿದೊಡನೆ ಪಾಳಿಗೆ ಓಡಿದ ಹಿರಿಯರು ನಮ್ಮ ಭಾಗದ ಎಷ್ಟೋ ಮನೆಗಳಲ್ಲಿದ್ದರು. ಆದ್ದರಿಂದ ಆ ಬಾಲಕ ಕಂಡದ್ದೇನೆಂದು ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ತಂದೆಯ ಮಾಲೀಕರ ನೆರವಿನಿಂದ ಓದಿದ ಆಬೆ 1861ರಲ್ಲಿ ಡಾಕ್ಟರೇಟ್ ಪಡೆದು, 1863ರಲ್ಲಿ ಯೇನಾ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಅದೇ ಊರಿನಲ್ಲಿ ಕಾರ್ಲ್ ಝೈಸ್ ಎಂಬ ಕುಶಲಕರ್ಮಿ 1846ರಿಂದ ಕಾರ್ಯಾಗಾರ ನಡೆಸುತ್ತಿದ್ದರು. ಆಗ ಮಸೂರಗಳನ್ನು ಒಂದಕ್ಕೊಂದು ಹೊಂದಿಸಿ ನೋಡಿ, ಚೆನ್ನಾಗಿ ಕಂಡರೆ ಇಟ್ಟುಕೊಳ್ಳುವುದು, ಇಲ್ಲವಾದರೆ ಬದಲಿಸುವುದು ರೂಢಿ. ಇದರಿಂದ ಬೇಸತ್ತ ಝೈಸ್ 1866ರಲ್ಲಿ ಆಬೆಯವರ ಸಹಾಯ ಕೇಳಿದರು.

ಆರಂಭದಲ್ಲಿ ಸೋಲೇ ಎದುರಾಯಿತು. ಬೆಳಕಿನ ದಾರಿಯನ್ನು ಕಿರಿದು ಮಾಡಿದರೆ ಬಿಂಬ ಸ್ಪಷ್ಟವಾಗುವುದೆಂಬ ಎಣಿಕೆ ಸುಳ್ಳಾಗಿ, ಸೂಕ್ಷ್ಮ ವಿವರಗಳೇ ಮಾಯವಾದವು. ಕಾರಣ ಹುಡುಕಿದ ಆಬೆ, ವಸ್ತುವಿನಿಂದ ಚದುರುವ ಬೆಳಕನ್ನು ಮಸೂರವು ಅಗಲವಾಗಿ ಸಂಗ್ರಹಿಸಿದಷ್ಟೂ ವಿವರ ಹೆಚ್ಚುವುದೆಂದು ಕಂಡುಕೊಂಡರು. ಬೆಳಕಿನ ಅಲೆಯ ಉದ್ದದ ಸುಮಾರು ಅರ್ಧಕ್ಕಿಂತ ಚಿಕ್ಕ ವಿವರವನ್ನು ಸಾಮಾನ್ಯ ಸೂಕ್ಷ್ಮದರ್ಶಕ ಬೇರ್ಪಡಿಸಿ ತೋರಿಸಲಾರದೆಂಬ ನಿಯಮವನ್ನು 1873ರಲ್ಲಿ ಪ್ರಕಟಿಸಿದರು. ಆಬೆಯವರ ಬೆಳಕುಗೂಡಿಸುವ ಮಸೂರವೂ ಎಣ್ಣೆಯಲ್ಲಿ ಅದ್ದಿ ನೋಡುವ ಮಸೂರವೂ ರಾಬರ್ಟ್ ಕಾಖ್ ಅವರಿಗೆ ಹೊಸ ಕಣ್ಣು ಕೊಟ್ಟಂತಾಯಿತು. 1882ರಲ್ಲಿ ಕಾಖ್ ಕ್ಷಯದ ರೋಗಾಣುವನ್ನು ಜಗತ್ತಿಗೆ ತೋರಿಸಿದರು. ಒಳ್ಳೆಯ ಗಾಜಿಗಾಗಿ 1884ರಲ್ಲಿ ಆಬೆ, ಝೈಸ್ ಮತ್ತು ಆಟೋ ಶಾಟ್ ಕೂಡಿ ಯೇನಾದಲ್ಲಿ ಗಾಜಿನ ಕಾರ್ಖಾನೆ ತೆರೆದರು.

1888ರಲ್ಲಿ ಝೈಸ್ ತೀರಿಕೊಂಡರು. ಪಾಲುದಾರರಾಗಿದ್ದ ಆಬೆ ಆಗ ಭಾರೀ ಶ್ರೀಮಂತರಾಗಿ ಬಾಳಬಹುದಿತ್ತು. ಆದರೆ ಒಬ್ಬರ ಬುದ್ಧಿ ಮತ್ತು ನೂರಾರು ಜನರ ಕೈಗಳಿಂದ ಬಂದ ಸಂಪತ್ತು ಒಬ್ಬರ ಮನೆ ಸೇರಬಾರದೆಂದು ಅವರು ಬಗೆದರು. 1889ರಲ್ಲಿ ಕಾರ್ಲ್ ಝೈಸ್ ಪ್ರತಿಷ್ಠಾನ ಸ್ಥಾಪಿಸಿ, 1891ರಲ್ಲಿ ತಮ್ಮ ಪಾಲನ್ನು ಅದಕ್ಕೆ ಒಪ್ಪಿಸಿದರು. ಅದಕ್ಕೆ ಗೆಳೆಯನ ಹೆಸರನ್ನಿಟ್ಟರೇ ಹೊರತು ತಮ್ಮದನ್ನಲ್ಲ. ಕಾರ್ಮಿಕರಿಗೆ ಸಂಬಳಸಹಿತ ರಜೆ, ನಿವೃತ್ತಿ ವೇತನ ದೊರೆತವು. ಜಾತಿಮತ ನೋಡಿ ಕೆಲಸ ಕೊಡಕೂಡದೆಂದೂ, ಮೇಲಧಿಕಾರಿಯ ಸಂಬಳ ಕಾರ್ಮಿಕರ ಸರಾಸರಿ ಸಂಬಳದ ಹತ್ತು ಪಟ್ಟು ಮೀರಕೂಡದೆಂದೂ ನಿಯಮಗಳಾದವು. 1900ರಲ್ಲಿ ಎಂಟು ತಾಸಿನ ದುಡಿಮೆ ಜಾರಿಗೆ ಬಂತು. ತಾಸು ಕಡಿಮೆಯಾದರೂ ಉತ್ಪಾದನೆ ಕುಗ್ಗಲಿಲ್ಲವೆಂಬುದನ್ನು ಆಬೆ ಲೆಕ್ಕವಿಟ್ಟು ತೋರಿಸಿದರು.

ಆಬೆ 1905ರ ಜನವರಿ 14ರಂದು ನಿಧನರಾದರು. ಅವರು ಕಟ್ಟಿದ ಸಂಸ್ಥೆ 1953ರಲ್ಲಿ ಶಸ್ತ್ರಚಿಕಿತ್ಸೆಗೆ ಬಳಸುವ ಸೂಕ್ಷ್ಮದರ್ಶಕವನ್ನು ಹೊರತಂದಿತು. ಎರಡನೆಯ ಮಹಾಯುದ್ಧದ ನಂತರ ದೇಶದೊಡನೆ ಸಂಸ್ಥೆಯೂ ಇಬ್ಭಾಗವಾಗಿ, 1990ರ ದಶಕದಲ್ಲಿ ಮತ್ತೆ ಒಂದಾಯಿತು. ಇಂದಿಗೂ ಅದರ ಒಡೆತನ ಪ್ರತಿಷ್ಠಾನದ್ದೇ.

ವಿದ್ಯಾರ್ಥಿಗಳೇ, ವಿದ್ಯೆಯಿಂದ ಬಡತನವನ್ನು ದಾಟಿದವರು ಅನೇಕರಿದ್ದಾರೆ. ದಾಟಿದ ಮೇಲೆ ಹಿಂದಿರುಗಿ ನೋಡಿ, ಉಳಿದವರಿಗೂ ದಾರಿ ಮಾಡಿಕೊಟ್ಟವರು ಕೆಲವರೇ. ಆ ಕೆಲವರಲ್ಲಿ ಆಬೆ ಒಬ್ಬರೆಂದು ನಾವು ಅವರನ್ನು ಗೌರವದಿಂದ ನೆನೆಯುತ್ತೇವೆ.